ನೀರು ಹೋದ ಹೊತ್ತು

ಕೋಟೆ, ಶಿವಮೊಗ್ಗ
14 ಸೆಪ್ಟೆಂಬರ್ 2025

ಪ್ರಿಯದರ್ಶಿನಿ ಅತ್ತಿಗೆಗೆ ಸುಮನಾ ಮಾಡುವ ಶರಣು.

ನಾನು ತೋರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಬಸುರಿಯರಿಗೆ ಹೆರಿಗೆ ತರಗತಿ ಶುರುವಾಗುತ್ತಿದೆ. ಹೇಳಿದವಳು ನರ್ಸ್ ಭೂಮಿಕಾ, ನಿನ್ನೆ ನನ್ನ ತೂಕ ನೋಡುವಾಗ. ಅಕ್ಟೋಬರ್ ಹದಿನೆಂಟರಿಂದ ಆರು ತರಗತಿ, ಶನಿವಾರ ಶನಿವಾರ. ನೋವು ಬಂದಾಗ ಉಸಿರಾಟ ಹೇಗೆ, ಆಸ್ಪತ್ರೆಗೆ ಯಾವಾಗ ಹೊರಡಬೇಕು, ಮಗುವಿಗೆ ಹಾಲು ಕುಡಿಸುವುದು ಹೇಗೆ, ಎಲ್ಲ ಕಲಿಸುತ್ತಾರಂತೆ. ಹೆಸರು ಬರೆಸಲೋ ಬೇಡವೋ ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ.

ಶಿವಮೊಗ್ಗದಿಂದ ಭದ್ರಾವತಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನಗಬೇಡಿ. ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಹಾಕಿಸುತ್ತಾಳೆ. ಮೆಸೇಜ್ ಕಳಿಸೋಣವೆಂದರೆ ಸಂಜೆಯೆಲ್ಲ ನಿಮ್ಮ ಫೋನು ಅಮ್ಮನ ಕೈಯಲ್ಲೇ ಇರುತ್ತದೆ, ಧಾರಾವಾಹಿ ನೋಡಲಿಕ್ಕೆ. ರುದ್ರೇಶಣ್ಣ ಹೇಗೂ ದಿನಾ ಇಲ್ಲಿನ ಆಫೀಸಿಗೆ ಬಂದು ಹೋಗುತ್ತಾನೆ. ಇವರ ಪಾತ್ರೆ ಅಂಗಡಿಯಲ್ಲಿ ಕೊಟ್ಟರೆ ಊಟದ ಚೀಲದಲ್ಲಿಟ್ಟುಕೊಂಡು ಬರುತ್ತಾನೆ. ತೆರೆದು ಓದುವ ಜಾಯಮಾನ ಅಣ್ಣನದಲ್ಲ. ಏನು ವಿಷಯ ಎಂದೂ ಕೇಳುವುದಿಲ್ಲ.

ಇವರಿಗೆ ತರಗತಿಯ ವಿಷಯ ಹೇಳಿದೆ. ಅಂಗಡಿಗೆ ಬಂದ ಗಿರಾಕಿಯ ಎದುರಿಗೇ, "ಫೇಲಾದ್ರೆ ಸಪ್ಲಿಮೆಂಟರಿ ಎಕ್ಸಾಮ್ ಇದ್ಯಂತಾ?" ಅಂದರು. ಗಿರಾಕಿಯೂ ನಕ್ಕ. ನನಗೆ ಎಷ್ಟು ಬೇಜಾರಾಯಿತೆಂದರೆ ಮಧ್ಯಾಹ್ನ ಊಟಕ್ಕೆ ಬಡಿಸಲಿಲ್ಲ. ಹೆದರಿಕೊಂಡಿರುವ ಹೆಂಗಸಿನ ಮುಂದೆ ಇಂಥ ಮಾತು ಆಡುತ್ತಾರಾ ಅತ್ತಿಗೆ?

ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ನಾನು ಜನ್ನಾಪುರದ ತವರಿಗೆ ಬರುವುದು ನಿಮಗೆ ಗೊತ್ತೇ ಇದೆ. ಹೆರಿಗೆ ಮಾತ್ರ ಇಲ್ಲಿನ ಆಸ್ಪತ್ರೆಯಲ್ಲಿ. ನೋವು ಬಂದಾಗ ಅಲ್ಲಿಂದ ಕಾರಿನಲ್ಲಿ ಹೊರಟರಾಯಿತು ಎಂಬುದು ಅಮ್ಮನ ಯೋಚನೆ.

ಎರಡು ವರ್ಷದ ಹಿಂದೆ ನಿಮ್ಮ ಮಗು ಹೋದ ಮೇಲೆ ಮನೆಯಲ್ಲಿ ಯಾರೂ ಈ ಮಾತು ಎತ್ತುವುದಿಲ್ಲ. ನಾನೂ ಎತ್ತಿಲ್ಲ, ನಿಮಗೆ ನೋವಾಗಬಾರದೆಂದು. ಆದರೆ ಹೆರಿಗೆ ಎಂದರೇನು ಎಂದು ಈಚೆಗೆ ಹತ್ತಿರದಲ್ಲಿ ಕಂಡವರು ನೀವೊಬ್ಬರೇ. ತಪ್ಪು ತಿಳಿಯದೆ ಹೇಳಿ. ಇಂಥ ತರಗತಿಯಿಂದ ಏನಾದರೂ ಪ್ರಯೋಜನ ಇದೆಯಾ?

ನಿಮ್ಮ
ಸುಮನಾ


ಜನ್ನಾಪುರ, ಭದ್ರಾವತಿ
17 ಸೆಪ್ಟೆಂಬರ್ 2025

ಸುಮನಾಗೆ,

ನಿನ್ನ ಪತ್ರ ತಲುಪಿತು. ಮೊಸರಿನ ಡಬ್ಬಿಯ ಪಕ್ಕದಲ್ಲಿದ್ದದ್ದರಿಂದ ಒಂದು ಮೂಲೆ ಒದ್ದೆಯಾಗಿತ್ತು. ಓದಲು ತೊಂದರೆಯಾಗಲಿಲ್ಲ.

ತರಗತಿಗೆ ಹೋಗುವುದು, ಬಿಡುವುದು ನಿನಗೆ ಬಿಟ್ಟದ್ದು. ಈ ವಿಷಯದಲ್ಲಿ ನನ್ನನ್ನು ಕೇಳಬೇಡ. ಆದರೆ ನರ್ಸ್ ಹೇಳಿದ ವಿಷಯಗಳಲ್ಲಿ 'ಆಸ್ಪತ್ರೆಗೆ ಯಾವಾಗ ಹೊರಡಬೇಕು' ಎಂಬುದು ಯಾವ ಶನಿವಾರ ಬರುತ್ತದೆ ಎಂದು ವಿಚಾರಿಸು. ಉಳಿದದ್ದು ಬಿಟ್ಟರೂ ಆ ದಿನ ಬಿಡಬೇಡ. ಒಬ್ಬಳೇ ಹೋಗಬೇಡ.

ಅತ್ತೆಗೆ ವಿಷಯ ಆಗಲೇ ಗೊತ್ತಾಗಿದೆ. ನಿನ್ನ ಮನೆಯವರು ಫೋನಿನಲ್ಲಿ ತಮಾಷೆಗೆ ಹೇಳಿದರಂತೆ. "ನಾನು ಎರಡು ಹೆತ್ತೆ, ಯಾವ ಇಸ್ಕೂಲಿಗೂ ಹೋಗಿರ್ಲಿಲ್ಲ. ಹಸುಗೆ ಯಾರು ಕಲಿಸ್ತಾರೆ?" ಅಂದರು. ನಾನು ತರಕಾರಿ ಹೆಚ್ಚುತ್ತಿದ್ದೆ.

ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗಬೇಡ.

ಪ್ರಿಯದರ್ಶಿನಿ


ಕೋಟೆ, ಶಿವಮೊಗ್ಗ
29 ಸೆಪ್ಟೆಂಬರ್ 2025

ಅತ್ತಿಗೆಗೆ ಶರಣು.

ಹೆಸರು ಬರೆಸಿದ್ದೇನೆ. ನೀವು ಕೇಳಿದ ಪಾಠ ಮೊದಲನೇ ಶನಿವಾರವೇ ಇದೆಯೆಂದು ಭೂಮಿಕಾ ಹೇಳಿದಳು.

ಆದರೆ ಒಂದು ತೊಡಕು ಬಂದಿದೆ. ಬಸುರಿಯ ಜೊತೆ ಇನ್ನೊಬ್ಬರು ತರಗತಿಗೆ ಬರಬೇಕು. ಹೆರಿಗೆಯ ದಿನ ಒಳಗೆ ಯಾರು ಇರುತ್ತಾರೋ ಅವರೇ ಆಗಬೇಕಂತೆ. ತರಗತಿಗೆ ಬಾರದವರನ್ನು ಹೆರಿಗೆ ಕೋಣೆಗೆ ಬಿಡುವುದಿಲ್ಲ. ಇವರನ್ನು ಕೇಳಿದರೆ, "ರಕ್ತ ನೋಡಿದ್ರೆ ನಾನೇ ಬಿದ್ದೋಗ್ತೀನಿ ಮಾರಾಯ್ತಿ, ಆಮೇಲೆ ಅವ್ರು ಯಾರ್ನ ನೋಡ್ಬೇಕು?" ಅನ್ನುತ್ತಾರೆ.

ನನ್ನ ಮನಸ್ಸಿನಲ್ಲಿ ಮೊದಲು ಬಂದವರು ನೀವು. ಅಮ್ಮನಿಗೆ ಹಾಗೇ ಅಂದೆ. ಅಮ್ಮ ತಾನೇ ಬರುತ್ತೇನೆ ಅಂದಳು. ನಿಮಗೆ ಮನೆಕೆಲಸ ಇರುತ್ತದೆ, ಅಣ್ಣನ ಊಟದ ಹೊತ್ತು ತಪ್ಪುತ್ತದೆ, ಹೀಗೆ ಏನೇನೋ ಹೇಳಿದಳು. ನಿಮಗೂ ಆ ವಾತಾವರಣ ಕಷ್ಟವಾಗಬಹುದು ಎಂದು ನನಗೂ ಅನ್ನಿಸಿತು. ನೀವು ಏನು ಹೇಳುತ್ತೀರಿ? ನಿಮಗೆ ಬರಲೇಬೇಕು ಎಂದಿದ್ದರೆ ಅಮ್ಮನ ಹತ್ತಿರ ಮಾತಾಡುತ್ತೇನೆ.

ಸೀಮಂತ ನವೆಂಬರ್ ಎರಡು, ಭಾನುವಾರ ಎಂದು ಗೊತ್ತುಮಾಡಿದ್ದಾರೆ. ಅಮ್ಮ ನಿಮಗೆ ಹೇಳಿರಬೇಕು. ಹಸಿರು ಸೀರೆ ತೆಗೆದಾಯಿತು.

ಸುಮನಾ


ಜನ್ನಾಪುರ
3 ಅಕ್ಟೋಬರ್ 2025

ಸುಮನಾಗೆ,

ಅತ್ತೆಯನ್ನೇ ಕರೆದುಕೊಂಡು ಹೋಗು. ಅವರು ಹೋಗುವುದೇ ಒಳ್ಳೆಯದು.

ಸೀಮಂತದ ವಿಷಯ ಅತ್ತೆ ಹೇಳಿದರು. ಅಡುಗೆಯವರ ಜೊತೆ ನಿಂತು ಬಡಿಸುವ ಉಸ್ತುವಾರಿ ನನ್ನದು. "ಬಳೆ ತೊಡಿಸೋರ ಸಾಲಿಗೆ ಮಾತ್ರ ಬರ್ಬೇಡ ಕಣಮ್ಮ. ನೆಂಟ್ರ ಬಾಯಿ ನಿಂಗೆ ಗೊತ್ತಲ್ಲ" ಅಂದರು. ನಿನಗೆ ಇದು ಗೊತ್ತಿರಬೇಕು. ಅವರು ಫೋನಿನಲ್ಲಿ ನಿನ್ನ ಜೊತೆ ಮಾತಾಡುವಾಗ ನಾನು ಅಡುಗೆಮನೆಯಲ್ಲಿದ್ದೆ. ಈ ಮನೆಯ ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿಲ್ಲ.

ಪ್ರಿಯದರ್ಶಿನಿ


ಕೋಟೆ, ಶಿವಮೊಗ್ಗ
8 ಅಕ್ಟೋಬರ್ 2025

ಅತ್ತಿಗೆಗೆ,

ನಿಮ್ಮ ಪತ್ರ ಓದಿ ಎರಡು ದಿನವಾಯಿತು. ಈಗ ಬರೆಯದೆ ಇರಲಾರೆ.

ಸಾಲಿಗೆ ಬರಬೇಡಿ ಎಂದು ನಾನು ಹೇಳಲಿಲ್ಲ. ಅಮ್ಮ ಹೇಳಿದಳು. ಅಮ್ಮ ಹಳೆಯ ಕಾಲದವಳು, ಮಗು ಕಳೆದುಕೊಂಡವರು ಬಸುರಿಗೆ ಬಳೆ ತೊಡಿಸಬಾರದು ಎಂದು ನಂಬಿದವಳು. ಒಂದು ದಿನದ ಶಾಸ್ತ್ರಕ್ಕೆ ಅವಳ ಜೊತೆ ಜಗಳ ಆಡಬೇಕಿತ್ತಾ ನಾನು? ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು?

ನಿಮ್ಮ ಅಭಿಪ್ರಾಯ ಕೇಳಿದೆ. "ನನ್ನನ್ನು ಕೇಳಬೇಡ" ಎಂದು ಬರೆದಿರಿ. ತರಗತಿಗೆ ಬನ್ನಿ ಅಂದೆ. "ಅತ್ತೆಯನ್ನೇ ಕರೆದುಕೊಂಡು ಹೋಗು" ಎಂದು ಬರೆದಿರಿ. ನಾನು ಬಸುರಿ ಎಂದು ತಿಳಿದ ದಿನದಿಂದ ನೀವು ಒಂದು ಸಲವೂ ಹೇಗಿದ್ದೀಯಾ ಎಂದು ಕೇಳಿಲ್ಲ. ಮಾತ್ರೆಯನ್ನು ಕಾಫಿಯ ಜೊತೆ ನುಂಗಬೇಡ ಎಂದು ಬರೆಯುತ್ತೀರಿ, ಡಾಕ್ಟರ ಹಾಗೆ. "ಅವ್ಳಿಗೆ ಹೊಟ್ಟೆಕಿಚ್ಚು ಕಣೇ, ಪಾಪ, ಅವ್ಳ ತಪ್ಪಲ್ಲ" ಎಂದು ಅಮ್ಮ ಮೊದಲೇ ಅಂದಿದ್ದಳು. ನಾನು ಅಮ್ಮನನ್ನೇ ಬೈದಿದ್ದೆ. ಈಗ ಬೈಯಲಾರೆ.

ನಿಮ್ಮ ಮಗು ಹೋಗಿದ್ದು ನಿಮ್ಮ ದುಃಖ. ನಮಗೂ ದುಃಖವಾಯಿತು. ಆದರೆ ಅದಕ್ಕೆ ನಾನಾಗಲಿ ನನ್ನ ಮಗುವಾಗಲಿ ಕಾರಣವಲ್ಲ. ಹಣೆಬರಹಕ್ಕೆ ಯಾರನ್ನು ದೂರುವುದು?

ಅಮ್ಮ ಹದಿನೆಂಟಕ್ಕೆ ಬರುತ್ತಿದ್ದಾಳೆ.

ಸುಮನಾ


ಕೋಟೆ, ಶಿವಮೊಗ್ಗ
19 ಅಕ್ಟೋಬರ್ 2025

ಅತ್ತಿಗೆಗೆ,

ಮೊದಲ ತರಗತಿ ನಿನ್ನೆ ಮುಗಿಯಿತು. ಅಮ್ಮ ಊಟಕ್ಕೂ ನಿಲ್ಲದೆ ಭದ್ರಾವತಿಗೆ ಹೊರಟುಹೋದಳು. ಅಲ್ಲಿಗೆ ಬಂದು ನಿಮ್ಮ ಹತ್ತಿರ ಏನಾದರೂ ಹೇಳಿದಳಾ? ಫೋನ್ ಮಾಡಿದರೆ, "ಹಬ್ಬದ ಕೆಲ್ಸ ಇದೆ, ಇಡು" ಅನ್ನುತ್ತಾಳೆ. ನೀವು ನನ್ನ ಹಿಂದಿನ ಪತ್ರಕ್ಕೆ ಉತ್ತರ ಕೊಟ್ಟಿಲ್ಲ. ಆದರೂ ಕೇಳಲು ಬೇರೆ ಯಾರೂ ಇಲ್ಲ.

ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಆಸ್ಪತ್ರೆಯ ಮಾಳಿಗೆಯಲ್ಲಿ ಜಮಖಾನ ಹಾಸಿದ್ದರು. ಬಸುರಿಯರೆಲ್ಲ ಗೋಡೆಗೆ ಒರಗಿ ಕೂತಿದ್ದೆವು. ನನ್ನ ಪಕ್ಕದಲ್ಲಿ ರಕ್ಷಾ ಎಂಬ ಹುಡುಗಿ, ಅವಳ ಅತ್ತೆ ಪದ್ಮಮ್ಮ. ಭೂಮಿಕಾ ಉಸಿರಾಟ ಶುರು ಮಾಡಿಸಿದಳು. ಪದ್ಮಮ್ಮ ನಮ್ಮ ಅಮ್ಮನ ಕಿವಿಯಲ್ಲಿ, "ಅಯ್ಯೋ, ಉಸ್ರಾಡೋದೂ ಕಲಿಸ್ತಾರಾ ಇವ್ರು? ಇಷ್ಟ್ ದಿನ ನಾವೇನ್ ಮಾಡ್ತಿದ್ವಿ ಹಂಗಾದ್ರೆ?" ಅಂದರು. ಅಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಒಬ್ಬ ಗಂಡಸು ಪ್ಲಾಸ್ಟಿಕ್ ಗೊಂಬೆಗೆ ಬಟ್ಟೆ ಕಟ್ಟಲು ಹೋಗಿ ಎರಡೂ ಕಾಲನ್ನು ಒಂದೇ ಕಡೆ ಸೇರಿಸಿದ. ಎಲ್ಲರೂ ನಕ್ಕೆವು.

ಆಮೇಲೆ ನೀವು ಹೇಳಿದ ಪಾಠ ಬಂತು. ಬಸುರಿಯರ ಜೊತೆಗೆ ಬಂದವರನ್ನು ಭೂಮಿಕಾ ಕೇಳಿದಳು. "ದಿನ ತುಂಬಿದೆ. ನೋವಿಲ್ಲ, ಏನಿಲ್ಲ, ಆದ್ರೆ ನೀರು ಹೋಯ್ತು. ಏನ್ಮಾಡ್ತೀರಿ?" ನಮ್ಮ ಅಮ್ಮ ಶಾಲೆಯ ಹುಡುಗಿಯ ಹಾಗೆ ಕೈಯೆತ್ತಿದಳು.

"ಜೀರಿಗೆ ಕಷಾಯ ಕೊಡ್ತೀವಿ. ನೋವು ನಿಜದ್ದಾದ್ರೆ ಏರುತ್ತೆ, ಸುಳ್ಳಾದ್ರೆ ನಿಲ್ಲುತ್ತೆ. ನೋಡ್ಕೊಂಡು ಹೊರಡ್ತೀವಿ."

ಹಿಂದೆ ಕೂತಿದ್ದ ಗಂಡಸರು ನಕ್ಕರು. ಭೂಮಿಕಾ ನಗಲಿಲ್ಲ. "ಅಮ್ಮಾ, ಕಷಾಯ ನೋವಿದ್ದಾಗಿನ ಮಾತು. ಇಲ್ಲಿ ನೋವೇ ಇಲ್ಲ. ನೀರು ಹೋದ್ರೆ ನೋವು ಇರ್ಲಿ ಬಿಡ್ಲಿ ಆವಾಗ್ಲೇ ಹೊರಡ್ಬೇಕು. ತಡ ಮಾಡಿದಷ್ಟೂ ಒಳಗೆ ನಂಜಾಗುತ್ತೆ. ತಾಯಿಗೆ ಜ್ವರ ಬರುತ್ತೆ, ಮಗೂನ ಉಳಿಸೋದು ಕಷ್ಟ ಆಗುತ್ತೆ" ಅಂದಳು. ಆಮೇಲೆ ಎಲ್ಲರನ್ನೂ ನೋಡಿ, "ಇನ್ನೊಂದು ವಿಷ್ಯ. ನೀರು ಯಾವಾಗ ಹೋಯ್ತು ಅಂತ ಡಾಕ್ಟ್ರು ಕೇಳಿದ್ರೆ ಸರಿಯಾದ ಹೊತ್ತು ಹೇಳಿ. ಬೈತಾರೆ ಅಂತ ಸುಳ್ಳು ಹೇಳ್ಬೇಡಿ. ಔಷಧಿ ಕೊಡೋದು ಆ ಹೊತ್ತಿನ ಮೇಲೆ" ಅಂದಳು.

ಅಮ್ಮ ಎದ್ದಳು. ಮಂಡಿ ಹಿಡಿದುಕೊಂಡಿದೆ ಎಂದು ಹೊರಗೆ ಹೋಗಿ ಮೆಟ್ಟಿಲ ಹತ್ತಿರ ಕೂತಳು. ಮತ್ತೆ ಒಳಗೆ ಬರಲಿಲ್ಲ. ಮುಗಿದ ಮೇಲೆ ಬಸ್ ಸ್ಟ್ಯಾಂಡಿಗೆ ಆಟೋದಲ್ಲಿ ಬಿಡಲು ಹೋದೆ. ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದಳು. ಅಷ್ಟು ಜನರ ಮುಂದೆ ನಕ್ಕರಲ್ಲ, ಅದಕ್ಕೆ ಅವಮಾನವಾಗಿದೆ. ದೊಡ್ಡವರನ್ನು ಹಾಗೆ ಕೇಳಬಾರದಿತ್ತು ಎಂದು ಭೂಮಿಕಾಳಿಗೆ ಫೋನ್ ಮಾಡಿ ಹೇಳಿದೆ. "ನಾನು ಕೇಳಿದ್ದು ಎಲ್ರನ್ನೂ ಅಕ್ಕ" ಅಂದಳು.

ಇನ್ನು ಬರುವುದಿಲ್ಲ ಎಂದು ಅಮ್ಮ ಬಸ್ ಹತ್ತುವಾಗ ಹೇಳಿದಳು. ನನಗೆ ಏನು ಮಾಡಬೇಕೆಂದು ತೋಚುತ್ತಿಲ್ಲ.

ಸುಮನಾ


ಜನ್ನಾಪುರ
23 ಅಕ್ಟೋಬರ್ 2025

ಸುಮನಾಗೆ,

ಅತ್ತೆ ಮನೆಗೆ ಬಂದು ನನ್ನ ಹತ್ತಿರ ಒಂದೇ ಮಾತು ಹೇಳಿದರು. "ಅವಾಗ ಅದೆಲ್ಲ ಯಾರಿಗ್ ಗೊತ್ತಿತ್ತು?" ನಾನು, "ನಂಗೆ ಗೊತ್ತಿತ್ತು ಅತ್ತೆ" ಅಂದೆ. ಅವರು ಕೈಕಾಲು ತೊಳೆಯಲು ಹೋದರು. ಹಬ್ಬ ಬಂತು. ಹೋಳಿಗೆಗೆ ಅವರು ಕಣಕ ನಾದಿದರು, ನಾನು ಬೇಯಿಸಿದೆ. ಹಬ್ಬ ಮುಗಿಯಲಿ ಎಂದು ಕಾಯುತ್ತಿದ್ದೆ. ಈಗ ಬರೆಯುತ್ತಿದ್ದೇನೆ.

ನಿನ್ನ ಅಮ್ಮನಿಗೆ ಮಂಡಿ ಹಿಡಿದಿರಲಿಲ್ಲ.

ನನಗೆ ತಾಯಿ ಇಲ್ಲ, ಹಾಗಾಗಿ ಬಾಣಂತನ ಈ ಮನೆಯಲ್ಲೇ ಎಂದು ಗೊತ್ತಾಗಿತ್ತು. ನಿನಗೆ ನೆನಪಿರಬಹುದು. ದಿನ ತುಂಬಿತ್ತು. ಬೆಳಿಗ್ಗೆ ನಾನು ಹಾಸಿಗೆಯಿಂದ ಏಳುವಾಗ ನೀರು ಹೋಯಿತು. ಸೀರೆ, ಚಾಪೆ ಎರಡೂ ತೊಯ್ದವು. ನೋವಿರಲಿಲ್ಲ. ಅತ್ತೆಯನ್ನು ಕರೆದೆ. ಅವರು ನೋಡಿ, "ಬಸುರಿಗೆ ತಡ್ಕೊಳ್ಳೋಕೆ ಆಗಲ್ಲ, ಉಚ್ಚೆ ಹೋಗಿದೆ" ಅಂದರು. ನಾನು ಅಲ್ಲ ಅಂದೆ. ನೀರು ಹೋದರೆ ತಕ್ಷಣ ಆಸ್ಪತ್ರೆಗೆ ಬರಬೇಕೆಂದು, ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ 'ತಾಯಿ ಕಾರ್ಡಿ'ನಲ್ಲಿ ಬರೆದಿತ್ತು. ಅದನ್ನು ತಂದು ಅವರ ಮುಂದೆ ಓದಿದೆ. "ಕಾರ್ಡಲ್ಲಿ ಎಲ್ರಿಗೂ ಅದ್ನೇ ಬರೀತಾರೆ" ಎಂದು ಜೀರಿಗೆ ಹುರಿದು ಕಷಾಯ ಮಾಡಿಕೊಟ್ಟರು. ನೋವು ಬರಲಿಲ್ಲ. ಆದ್ದರಿಂದ ಸುಳ್ಳು ಎಂದು ತೀರ್ಮಾನವಾಯಿತು. ಮಧ್ಯಾಹ್ನ ಇನ್ನೊಂದು ಲೋಟ ಕೊಟ್ಟರು. ನಿನ್ನ ಅಣ್ಣ ಆಫೀಸಿನಿಂದ ಬಂದಾಗ ಹೇಳಿದೆ. "ಅಮ್ಮ ನೋಡ್ಕೊಳ್ತಾರೆ, ಅವ್ರಿಗೆ ಗೊತ್ತಿರುತ್ತೆ" ಅಂದರು.

ಮರುದಿನ ಸಂಜೆ ನನಗೆ ನಡುಕ ಬಂತು, ಜ್ವರ ಬಂತು. ಆಗ ಕಾರು ತರಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ ನೀರು ಯಾವಾಗ ಹೋಯಿತು ಎಂದು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಹೇಳಿದರು. "ಈಗ್ಲೇ ಡಾಕ್ಟ್ರೇ, ಬರ್ತಾ ಕಾರಲ್ಲಿ." ನಾನು ಇಲ್ಲ ಅಂದೆ. ಜ್ವರಕ್ಕೆ ಬಡಬಡಿಸುತ್ತಿದ್ದಾಳೆ ಎಂದು ಅತ್ತೆ ನನ್ನ ಹಣೆ ಒತ್ತಿದರು. ನಿನ್ನ ಅಣ್ಣ ಅಲ್ಲೇ ನಿಂತಿದ್ದರು. ಡಾಕ್ಟರ್ ನಿನ್ನ ಅಣ್ಣನ ಮುಖ ನೋಡಿದರು. ಅವರು ತಲೆಯಾಡಿಸಿದರು. ಹೌದು ಎಂದೋ ಇಲ್ಲ ಎಂದೋ ನನಗೆ ಕಾಣಲಿಲ್ಲ. ಡಾಕ್ಟರ್ ಬರೆದುಕೊಂಡರು.

ಮಗು ಎರಡು ದಿನ ಇತ್ತು. ಒಳಗಿನಿಂದಲೇ ನಂಜು ತಗುಲಿದೆ, ಇಷ್ಟು ಬೇಗ ಹೇಗೆ ತಗುಲಿತು ತಿಳಿಯುತ್ತಿಲ್ಲ ಎಂದು ಮಕ್ಕಳ ಡಾಕ್ಟರ್ ಹೇಳಿದರು. ಅವರಿಗೆ ತಿಳಿಯುವುದು ಹೇಗೆ? ಹೊತ್ತು ಸರಿಯಾಗಿ ಹೇಳಿದ್ದರೆ ಉಳಿಯುತ್ತಿತ್ತೇ ಎಂಬುದು ನನಗೂ ಗೊತ್ತಿಲ್ಲ. ಕೇಳಲು ಹೋಗಿಲ್ಲ. ನೆಂಟರಿಗೆಲ್ಲ ಅತ್ತೆ ಹಣೆಬರಹ ಎಂದು ಹೇಳಿದರು. ನೀನೂ ಅದೇ ಪದ ಬರೆದಿದ್ದೀಯ.

ನೀನು ನನ್ನನ್ನು ಕೇಳಿದ್ದು ತರಗತಿಯಿಂದ ಪ್ರಯೋಜನ ಇದೆಯಾ ಎಂದು. ಆಗಲೂ ಶಿವಮೊಗ್ಗದಲ್ಲಿ ಇಂಥದೊಂದು ತರಗತಿ ಇತ್ತು. ಪೇಪರಿನಲ್ಲಿ ಬಂದಿತ್ತು. ನಾನು ಆ ಸುದ್ದಿ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ನೀನು ಯುಗಾದಿಗೆ ಬಂದಿದ್ದಾಗ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದೆ. "ಹೆರೋದಕ್ಕೂ ಟ್ಯೂಷನ್ನಾ ಅತ್ತಿಗೆ? ಫೇಲಾದ್ರೆ ಏನ್ಮಾಡ್ತೀರಿ?" ಅಂದೆ. ಅತ್ತೆ ನಕ್ಕರು. ನಿನ್ನ ಅಣ್ಣ ನಕ್ಕರು. ನಾನೂ ನಕ್ಕೆ. ಮರುದಿನ ಅದನ್ನು ಕಿತ್ತು ಹಾಕಿದೆ.

ನನಗೆ ಪಾಠ ಬೇಕಿರಲಿಲ್ಲ ಸುಮನಾ. ನನ್ನ ಪಕ್ಕದಲ್ಲಿ ನಿಂತವರಿಗೆ ಬೇಕಿತ್ತು. ಒಬ್ಬಳೇ ಹೋಗಬೇಡ ಎಂದು ನಿನಗೆ ಬರೆದದ್ದು ಅದಕ್ಕೆ. ಅತ್ತೆಯನ್ನೇ ಕರೆದುಕೊಂಡು ಹೋಗು ಎಂದು ಬರೆದದ್ದೂ ಅದಕ್ಕೇ. ನಾನು ಹೇಳಿದರೆ ಅವರು ಕೇಳುವುದಿಲ್ಲ, ಆಸ್ಪತ್ರೆಯವರು ಹೇಳಿದರೆ ಕೇಳಬಹುದು ಎಂದುಕೊಂಡೆ. ನೀನು ಹೊಟ್ಟೆಕಿಚ್ಚು ಎಂದುಕೊಂಡೆ. ಹೊಟ್ಟೆಕಿಚ್ಚು ಇಲ್ಲ ಎಂದು ನಾನು ಹೇಳುವುದಿಲ್ಲ. ಇದೆ. ಅದು ಇದ್ದೂ ನಿನಗೆ ಇಷ್ಟು ಬರೆದಿದ್ದೇನೆ.

ಸೀಮಂತವಾದ ಮೇಲೆ ನೀನು ಈ ಮನೆಗೆ ಬರುತ್ತೀಯ. ಚಾಪೆ ಅದೇ ಇದೆ. ಜೀರಿಗೆ ಡಬ್ಬಿಯೂ ಇದೆ. ಯೋಚನೆ ಮಾಡು.

ಪ್ರಿಯದರ್ಶಿನಿ


ಕೋಟೆ, ಶಿವಮೊಗ್ಗ
27 ಅಕ್ಟೋಬರ್ 2025

ಅತ್ತಿಗೆ,

ನಾನು ಭದ್ರಾವತಿಗೆ ಬರುತ್ತಿಲ್ಲ. ಹೆರಿಗೆಯೂ ಬಾಣಂತನವೂ ಇಲ್ಲೇ. ಇವರಿಗೆ ಹೇಳಿಯಾಯಿತು.

ಅಮ್ಮನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಅತ್ತಿಗೆಗೆ ನೀರು ಯಾವಾಗ ಹೋಗಿದ್ದು?" ಮೊದಲು, "ಯಾವ ನೀರು?" ಅಂದಳು. ಆಮೇಲೆ, "ಅವ್ಳು ಹೇಳಿದ್ಲಾ?" ಅಂದಳು. ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. "ಡಾಕ್ಟ್ರು ಎಲ್ರ ಮುಂದೆ ಬೈತಾರೆ ಅಂತ ಹಂಗಂದೆ ಕಣೇ. ಬೈಸ್ಕೊಳ್ಳೋಕೆ ಯಾರಿಗ್ ಚೆಂದ? ಸರಿಯಾಗ್ ಹೇಳಿದ್ರೆ ಏನ್ ಬದುಕ್ತಿತ್ತಾ ಅದು?" ಅಂದಳು. ಬದುಕುತ್ತಿತ್ತೇನೋ ಅಂದೆ. "ನೀನೂ ಅವ್ಳ ಕಡೆ ಸೇರ್ಕೊಂಡ್ಯಾ" ಎಂದು ಇಟ್ಟುಬಿಟ್ಟಳು.

ಅಣ್ಣ ಅಂಗಡಿಗೆ ಬಂದಿದ್ದ. ಅವನನ್ನೂ ಕೇಳಿದೆ. ಅವನು ನನ್ನನ್ನು ನೋಡದೆ ಒಂದು ಕುಕ್ಕರಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. "ಅಮ್ಮಂಗೆ ವಯಸ್ಸಾಗಿದೆ ಸುಮಿ. ಈಗ ಕೆದಕಿದ್ರೆ ಏನ್ ಬರುತ್ತೆ? ಇದೊಂದೇ ಕಾಗ್ದ ತಗೊಂಡ್ ಹೋಗ್ತೀನಿ. ಇನ್ಮೇಲೆ ನನ್ ಕೈಲಿ ಕೊಡ್ಬೇಡಿ, ಇಬ್ರೂ" ಅಂದ.

ಫ್ರಿಜ್ಜಿಗೆ ಅಂಟಿಸಿದ್ದ ಪೇಪರ್ ನನಗೆ ನೆನಪಿದೆ. ನಾನು ಅಂದ ಮಾತು ನೆನಪಿಲ್ಲ. ಇವರನ್ನು ಕೇಳಿದೆ, ಆ ದಿನ ಇವರೂ ಅಲ್ಲಿದ್ದರು. "ನೀನು ಅನ್ನೋಳೇ" ಅಂದರು.

ಜೊತೆಗೆ ಯಾರೂ ಇಲ್ಲದೆ ಮೊನ್ನೆಯ ಶನಿವಾರದ ತರಗತಿ ತಪ್ಪಿತು. ಇನ್ನು ಮುಂದೆ ನೀವು ಬನ್ನಿ. ನನ್ನ ಜೊತೆ ಒಳಗೆ ನೀವೇ ಇರಬೇಕು. ಸೀಮಂತದಲ್ಲಿ ಮೊದಲನೇ ಬಳೆ ನೀವೇ ತೊಡಿಸಬೇಕು. ಹಾಗಾಗದಿದ್ದರೆ ಸೀಮಂತವೇ ಬೇಡ ಎಂದು ಅಮ್ಮನಿಗೆ ಮೆಸೇಜ್ ಹಾಕಿದ್ದೇನೆ. ನಿಮಗೆ ಆದದ್ದಕ್ಕೆ ನಾನು ಮಾಡಬಹುದಾದದ್ದು ಇಷ್ಟೇ ಎಂದು ಅನ್ನಿಸಿತು.

ಸುಮನಾ


ಜನ್ನಾಪುರ, ಭದ್ರಾವತಿ
3 ನವೆಂಬರ್ 2025

ಸುಮನಾಗೆ,

ನಿನ್ನೆ ನಡೆಯಬೇಕಿದ್ದ ಸೀಮಂತ ನಡೆಯಲಿಲ್ಲ. ಡಾಕ್ಟರ್ ನಿನಗೆ ಮಲಗಿಕೊಂಡೇ ಇರಬೇಕೆಂದು ಹೇಳಿದ್ದಾರೆ ಎಂದು ಅತ್ತೆ ನೆಂಟರಿಗೆಲ್ಲ ಫೋನ್ ಮಾಡಿ ತಿಳಿಸಿದರು. ಮಗಳು ತವರಿಗೆ ಬಾರದಿರುವುದಕ್ಕೂ ಅದೇ ಕಾರಣವಂತೆ. ಡಾಕ್ಟರ ಹೆಸರಿನಲ್ಲಿ ಇನ್ನೊಂದು ಸುಳ್ಳು. ನಾನು ಪಕ್ಕದಲ್ಲೇ ಕೂತು ಕೇಳಿದೆ.

ಈ ಪತ್ರವನ್ನು ಅಂಚೆಗೆ ಹಾಕುತ್ತಿದ್ದೇನೆ. ಓಲ್ಡ್ ಟೌನಿನ ಪೋಸ್ಟ್ ಆಫೀಸಿಗೆ ನಾನೇ ಹೋಗುತ್ತೇನೆ.

ಮೊದಲನೇ ಬಳೆ ನಾನು ಕೇಳಿರಲಿಲ್ಲ. ನನ್ನನ್ನು ಮುಂದೆ ನಿಲ್ಲಿಸಿಕೊಂಡು ನೀನು ಅತ್ತೆಯ ಜೊತೆ ಜಗಳ ಮಾಡಿದೆ. ನಿನಗೆ ಹೋಗಲು ನಿನ್ನ ಮನೆ ಇದೆ. ನಾನು ಈ ಮನೆಯಲ್ಲಿ ಇರಬೇಕು. ಸೀಮಂತ ಕೆಡಿಸಿದವಳು ಎಂದು ಪಕ್ಕದ ಮನೆಯ ಲಿಂಗಮ್ಮ ಆಗಲೇ ಬಂದು ಹೇಳಿಹೋದರು. ಅತ್ತೆ ತಮ್ಮ ಅನ್ನ ತಾವೇ ಬೇರೆ ಇಟ್ಟುಕೊಳ್ಳುತ್ತಿದ್ದಾರೆ. ನಿನ್ನ ಅಣ್ಣ, "ಅವ್ಳ ಹತ್ರ ಹೇಳ್ಬೇಕಿತ್ತಾ ಇದ್ನ? ಎರಡು ವರ್ಷ ಸುಮ್ನಿದ್ಯಲ್ಲ" ಅಂದರು. "ನೀವು ಅವತ್ತು ತಲೆ ಆಡ್ಸಿದ್ರಲ್ಲ, ಅದು ಹೌದು ಅಂತಲೋ ಇಲ್ಲ ಅಂತಲೋ?" ಎಂದು ಕೇಳಿದೆ. ಮದುವೆಯಾದ ಮೇಲೆ ಅವರನ್ನು ನಾನು ಕೇಳಿದ ಮೊದಲ ಪ್ರಶ್ನೆ ಅದು ಎಂದು ಅನ್ನಿಸಿತು. ಅವರು ಶರ್ಟ್ ಹಾಕಿಕೊಂಡು ಹೊರಗೆ ಹೋದರು.

ನೀನು ಮಾಡಬಹುದಾದದ್ದು ಇಷ್ಟೇ ಎಂದು ಬರೆದಿದ್ದೀಯ. ನನಗೆ ಆದದ್ದಕ್ಕೆ ನೀನು ಏನನ್ನೂ ಮಾಡಬೇಕಾಗಿಲ್ಲ. ನೆನಪಿಲ್ಲದ್ದಕ್ಕೆ ಕ್ಷಮೆ ಕೇಳುವುದೂ ಬೇಡ. ನೀನು ಕೇಳಿಯೂ ಇಲ್ಲ.

ತರಗತಿಗೆ ಬರುತ್ತೇನೆ. ನಿನ್ನ ಮೇಲಿನ ಅಕ್ಕರೆಯಿಂದ ಎಂದು ತಿಳಿಯಬೇಡ. ಒಬ್ಬ ಬಸುರಿ ಹೇಳಿದ್ದನ್ನು ಪಕ್ಕದಲ್ಲಿದ್ದವರು ಕೇಳಬೇಕು. ಅದು ನನಗಂತೂ ಆಗಲಿಲ್ಲ. ಇನ್ನೊಬ್ಬಳಿಗೂ ಹಾಗಾಗದಂತೆ ನೋಡಿಕೊಳ್ಳುವುದು ನನ್ನಿಂದ ಸಾಧ್ಯವಿರುವಾಗ ಮನೆಯಲ್ಲಿ ಕೂತಿರಲಾರೆ. ಕೂತರೆ ನಾನೂ ಇವರ ಹಾಗೆಯೇ ಆಗುತ್ತೇನೆ.

ಎರಡು ಮಾತು ಈಗಲೇ ಹೇಳಿಬಿಡುತ್ತೇನೆ. ಹೆರಿಗೆಯ ದಿನ ಡಾಕ್ಟರ್ ನಿನ್ನನ್ನು ಏನಾದರೂ ಕೇಳಿ, ನಿನಗೆ ಉತ್ತರಿಸುವ ಶಕ್ತಿ ಇಲ್ಲದಿದ್ದರೆ ನಾನು ಉತ್ತರ ಕೊಡುತ್ತೇನೆ. ನಿನ್ನ ಅಮ್ಮ ಅಲ್ಲ, ನಿನ್ನ ಅಣ್ಣ ಅಲ್ಲ, ನಿನ್ನ ಗಂಡನೂ ಅಲ್ಲ. ಮಗು ಹುಟ್ಟಿದ ಮೇಲೆ ಅದನ್ನು ನನ್ನ ಕೈಗೆ ಕೊಡಬೇಡ. ಎತ್ತಿಕೋ ಎಂದು ಯಾರಿಂದಲೂ ಹೇಳಿಸಬೇಡ. ನಾನು ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ.

ಭೂಮಿಕಾಗೆ ಫೋನ್ ಮಾಡಿ ನಿನ್ನ ಜೊತೆ ಬರುವವರ ಹೆಸರು ಬದಲಾಯಿಸಿದ್ದೇನೆ. ಒಂದನೇ ತಾರೀಖು ರಾಜ್ಯೋತ್ಸವದ ರಜೆ ಇದ್ದುದರಿಂದ ತರಗತಿ ನಡೆದಿಲ್ಲವಂತೆ. ಮುಂದಿನ ತರಗತಿ ನವೆಂಬರ್ ಎಂಟು, ಶನಿವಾರ, ಬೆಳಿಗ್ಗೆ ಹತ್ತೂವರೆಗೆ.

ಪ್ರಿಯದರ್ಶಿನಿ